ಬೀಗ ಹಾಕಿ ಒಳಗೆ ಅಂಟಿಸಿದ ಚೀಟಿ

ಅಪ್ಪಯ್ಯ ತೀರಿಕೊಂಡ ನಾಲ್ಕು ತಿಂಗಳಿಗೆ, ಜುಲೈನ ಒಂದು ಶನಿವಾರ ರಾತ್ರಿ ಒಂಬತ್ತೂವರೆ ಹೊತ್ತಿಗೆ, ತೀರ್ಥಹಳ್ಳಿ ಹತ್ತಿರದ ನಮ್ಮ ಮನೆ ಅಂಗಳಕ್ಕೆ ಒಂದು ಕಾರು ಬಂದು ನಿಂತಿತಂತೆ. ಧೋ ಅಂತ ಮಳೆ. ಕರೆಂಟಿಲ್ಲ. ಮನೆಯಲ್ಲಿ ಅಮ್ಮ ಒಬ್ಬಳೇ. ಬ್ಯಾಟರಿ ಹಿಡಿದು ಹೊರಗೆ ಬಂದು ನೋಡಿದರೆ ಗಂಡ, ಹೆಂಡತಿ, ಹೆಗಲ ಮೇಲೆ ನಿದ್ದೆ ಹೋದ ಪುಟ್ಟ ಮಗು. "ಹೋಮ್‌ಸ್ಟೇ ಇದೇ ಅಲ್ವಾ ಆಂಟಿ? ದಾರೀಲಿ ಫೋನ್ ಮಾಡಿದ್ವಿ, ನೆಟ್‌ವರ್ಕ್ ಸಿಗ್ಲಿಲ್ಲ. ಯಜಮಾನ್ರು ಇದಾರಾ?"

ಅಮ್ಮ ಇದನ್ನು ನನಗೆ ಹೇಳಿದ್ದು ಮೂರು ದಿನ ಬಿಟ್ಟು, ಅದೂ ಬೇರೇನೋ ಮಾತಿನ ಮಧ್ಯೆ.

"ಎಂತ ಮಾಡ್ಲಿ ಮಾರಾಯ, ಮಗು ಇತ್ತು. ಆ ಮಳೇಲಿ ವಾಪಸ್ ಹೋಗಿ ಅನ್ನಕ್ಕಾಗುತ್ತಾ? ಮೇಲಿನ ಕೋಣೆ ತೆಗ್ದು ಹಾಸಿಗೆ ಹಾಕ್ಕೊಟ್ಟೆ. ಗಂಜಿ ಇತ್ತು, ಉಪ್ಪಿನಕಾಯಿ ಇತ್ತು. ಬೆಳಿಗ್ಗೆ ದುಡ್ಡು ಕೊಡಕ್ಕೆ ಬಂದ್ರು, ಬೇಡ ಅಂದೆ. ಹೋಮ್‌ಸ್ಟೇ ಮುಚ್ಚಿದೀವಲ್ಲ, ಹೆಂಗೆ ತಗಳದು?"

ನನಗೆ ಮೊದಲು ಬಂದಿದ್ದು ಸಿಟ್ಟು. ಗುರುತಿಲ್ಲದವರನ್ನು ರಾತ್ರಿ ಒಳಗೆ ಕರೆದಿದ್ದಕ್ಕೆ. ಆಮೇಲೆ ಆ ಸಿಟ್ಟು ಎಲ್ಲಿಗೆ ಹೋಗಬೇಕೋ ತಿಳಿಯದೆ ಕಾರಿನವರ ಕಡೆ ತಿರುಗಿತು. "ಹೋಮ್‌ಸ್ಟೇ ಮುಚ್ಚಿದೆ ಅಂತ ನಾನು ಮೇ ತಿಂಗಳಲ್ಲೇ ವೆಬ್‌ಸೈಟಲ್ಲಿ ಹಾಕಿದೀನಲ್ಲಮ್ಮ. ನೋಡ್ಕೊಂಡು ಬರಕ್ಕಾಗಲ್ವಾ ಅವ್ರಿಗೆ?"

ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದಳು, "ನೀನು ಹಾಕಿರ್ಬೋದು. ಅವ್ರಿಗೆ ಗೊತ್ತಾಗ್ಲಿಲ್ವಲ್ಲ."

ಆಮೇಲೆ ಒಂದೊಂದೇ ಹೊರಗೆ ಬಂತು. ಅಪ್ಪಯ್ಯನ ಫೋನು ಇನ್ನೂ ಪಡಸಾಲೆ ಕಿಟಕಿಯಲ್ಲೇ ಇದೆ, ನಮ್ಮ ಮನೆಯಲ್ಲಿ ನೆಟ್‌ವರ್ಕ್ ಸಿಗುವ ಒಂದೇ ಜಾಗ ಅದು. ಬ್ಯಾಂಕಿನದ್ದು, ಗ್ಯಾಸಿನದ್ದು ಅಂತ ಮೆಸೇಜು ಬರ್ತವೆ, ಅದಕ್ಕೆ ರೀಚಾರ್ಜ್ ನಿಲ್ಲಿಸಿರಲಿಲ್ಲ. ಶುಕ್ರವಾರ ಬಂತೆಂದರೆ ಸಾಕು, ರೂಮ್ ಕೇಳುವವರ ಕರೆಗಳು. ಎಲ್ಲರೂ ಮೊದಲು ಕೇಳುವುದು ಅಪ್ಪಯ್ಯನನ್ನೇ. ಅಮ್ಮ "ಅವ್ರಿಲ್ಲ" ಅನ್ನುತ್ತಾಳೆ. ಅತ್ತ ಕಡೆಯವರು "ಯಾವಾಗ ಬರ್ತಾರೆ?" ಅನ್ನುತ್ತಾರೆ.

ನಮ್ಮ ಭಾಷೆಯಲ್ಲಿ 'ಇಲ್ಲ' ಅನ್ನೋ ಒಂದು ಪದಕ್ಕೆ ಇಷ್ಟು ಅರ್ಥ ಇದೆ ಅಂತ ನಾನು ಅವತ್ತಿನವರೆಗೆ ಯೋಚಿಸಿರಲಿಲ್ಲ. ಪೇಟೆಗೆ ಹೋದವರೂ ಇಲ್ಲ, ಹೋಗೇಬಿಟ್ಟವರೂ ಇಲ್ಲ. ಆ ವ್ಯತ್ಯಾಸವನ್ನು ಅಮ್ಮ ವಾರಕ್ಕೆ ನಾಲ್ಕು ಸಲ, ಐದು ಸಲ, ಪರಿಚಯವೇ ಇಲ್ಲದವರಿಗೆ ಬಿಡಿಸಿ ಹೇಳಬೇಕಿತ್ತು.

ಇಲ್ಲಿ ನನ್ನ ಬಗ್ಗೆ ಒಂದು ಮಾತು ಹೇಳಲೇಬೇಕು. ನಾನು ಬೆಂಗಳೂರಲ್ಲಿ ಹೊಟ್ಟೆ ಹೊರೆಯೋದೇ ವೆಬ್‌ಸೈಟ್ ಕಟ್ಟಿ. ಈ ಹೋಮ್‌ಸ್ಟೇ ಸೈಟನ್ನು ಎಂಜಿನಿಯರಿಂಗ್ ಕೊನೇ ವರ್ಷದಲ್ಲಿ ನಾನೇ ಮಾಡಿಕೊಟ್ಟಿದ್ದೆ. ನಾಲ್ಕು ಪುಟ: ಮುಖಪುಟ, ರೂಮ್‌ಗಳು, ಊಟ, ದಾರಿ. ಮೇ ತಿಂಗಳ ಒಂದು ರಾತ್ರಿ ಊಟ ಆದಮೇಲೆ ಕೂತು ಒಂದು ಗಂಟೆಯಲ್ಲಿ 'ಮುಚ್ಚಲಾಗಿದೆ' ಅಂತ ಬದಲಾಯಿಸಿ, ಲ್ಯಾಪ್‌ಟಾಪ್ ಮುಚ್ಚಿ, ಅಮ್ಮನಿಗೆ ಫೋನ್ ಮಾಡಿ "ಆಯ್ತಮ್ಮ" ಅಂದಿದ್ದೆ. ಆಮೇಲೆ ಒಂದು ದಿನವೂ ನಮ್ಮ ಹೋಮ್‌ಸ್ಟೇ ಹೆಸರನ್ನು ಹುಡುಕಿ ನೋಡಿರಲಿಲ್ಲ. ಕಾರಣ ಪುರುಸೊತ್ತಲ್ಲ. ಹುಡುಕಿದರೆ ಮೊದಲು ಬರುವುದು ಅಪ್ಪಯ್ಯ ತುಳಸಿಕಟ್ಟೆ ಪಕ್ಕ ನಿಂತು ಅತಿಥಿಗಳ ಜೊತೆ ತೆಗೆಸಿಕೊಂಡ ಫೋಟೋ. ಅದನ್ನು ನೋಡುವುದು ಬೇಡವಾಗಿತ್ತು.

ಆ ರಾತ್ರಿ ನೋಡಿದೆ.

ಮೊದಲ ಫಲಿತಾಂಶದಲ್ಲಿ ಇನ್ನೂ ಹಳೇ ಹೆಸರು, ಅದರ ಪಕ್ಕದಲ್ಲೇ 'ರೂಮ್‌ಗಾಗಿ ಕರೆ ಮಾಡಿ' ಅಂತ ಅಪ್ಪಯ್ಯನ ನಂಬರ್. ಎರಡನೆಯದು ರೂಮ್‌ಗಳ ಪುಟ. ಕೆಳಗೆ ಎರಡು ಸಾಲಿನ ವಿವರಣೆ, ಬಾಡಿಗೆ, ಮತ್ತೆ ಅದೇ ನಂಬರ್. ಒಳಗೆ ಹೋದರೆ 'ಮುಚ್ಚಲಾಗಿದೆ' ಅಂತ ಇದೆ. ಆದರೆ ಯಾರು ಒಳಗೆ ಹೋಗ್ತಾರೆ ಹೇಳಿ? ಫೋನಿನಲ್ಲಿ ಹುಡುಕುವ ನಾನೂ ನೀವೂ ನಂಬರ್ ಕಂಡ ತಕ್ಷಣ ಒತ್ತಿಬಿಡ್ತೀವಿ.

ಮರುದಿನ ಆಫೀಸಿನಲ್ಲಿ ನಮ್ಮ ಸೀನಿಯರ್ ಒಬ್ಬರ ಹತ್ತಿರ ಕೂತೆ. ಮಂಡ್ಯ ಕಡೆಯವರು, ನಾವೆಲ್ಲ ಅಕ್ಕ ಅಂತಲೇ ಕರೆಯೋದು. ಸರ್ಚ್ ಎಂಜಿನ್ನುಗಳ ವಿಷಯ ನೋಡಿಕೊಳ್ಳೋದು ಅವರ ಕೆಲಸ. ನಾನು ಮೇ ತಿಂಗಳಲ್ಲಿ ಏನೇನು ಮಾಡಿದ್ದೆ ಅಂತ ಒಂದೊಂದಾಗಿ ಹೇಳುತ್ತಾ ಹೋದೆ. ರೂಮ್‌ಗಳ ಪುಟದಲ್ಲಿ 'ಮುಚ್ಚಲಾಗಿದೆ' ಅಂತ ಬರೆದೆ. ಆ ಪುಟ ಇನ್ನು ಹುಡುಕಾಟದಲ್ಲಿ ಬರಬಾರದು ಅಂತ ರೋಬೋಟ್ಸ್ ಫೈಲಿನಲ್ಲಿ ಅದನ್ನು ತಡೆಹಿಡಿದೆ.

ಅಕ್ಕ ಕಾಫಿ ಲೋಟ ಕೆಳಗಿಟ್ಟರು. "ಅಲ್ಲ ಕಣೋ, ಬಾಗಿಲಿಗೆ ಬೀಗ ಜಡಿದು, 'ಮನೆ ಖಾಲಿ ಮಾಡಿದ್ದೀವಿ' ಅನ್ನೋ ಚೀಟೀನ ಒಳಗಡೆ ಅಂಟಿಸಿದ್ದೀಯಲ್ಲ. ಬಂದೋನು ಹೆಂಗ್ ಓದ್ತಾನೆ?"

ಅವತ್ತು ಅರ್ಥವಾಗಿದ್ದನ್ನು ಇಲ್ಲಿ ಹೇಳುತ್ತೇನೆ. ಅಂಗಡಿ, ಕ್ಲಿನಿಕ್ಕು, ಟ್ಯೂಷನ್ನು ಅಂತ ಮನೆಯವರದ್ದೊಂದು ಸೈಟು ನಿಮ್ಮ ತಲೆ ಮೇಲೂ ಇರಬಹುದು.

ನಾವು ಹುಡುಕಿದಾಗ ಸರ್ಚ್ ಎಂಜಿನ್ ಆ ಕ್ಷಣದಲ್ಲಿ ಇಂಟರ್ನೆಟ್ಟನ್ನೆಲ್ಲ ಓಡಾಡಿ ನೋಡಿ ಬರುವುದಿಲ್ಲ. ಮೊದಲೇ ನೋಡಿ ಬಂದು ಬರೆದಿಟ್ಟುಕೊಂಡ ಪಟ್ಟಿಯಿಂದ ತೆಗೆದು ತೋರಿಸುತ್ತದೆ. ನೋಡಿ ಬರುವ ಪ್ರೋಗ್ರಾಮಿಗೆ ಕ್ರಾಲರ್ ಅಂತಲೂ, ಆ ಪಟ್ಟಿಗೆ ಇಂಡೆಕ್ಸ್ ಅಂತಲೂ ಹೆಸರು. ಕ್ರಾಲರ್ ಮತ್ತೆ ಯಾವಾಗ ಬರಬೇಕು ಅನ್ನೋದನ್ನು ಅದೇ ತೀರ್ಮಾನಿಸುತ್ತದೆ. ಗಳಿಗೆಗೊಂದು ಸುದ್ದಿ ಹಾಕುವ ಸೈಟಿಗೆ ದಿನಕ್ಕೆ ಹಲವು ಸಲ ಬರಬಹುದು. ವರ್ಷಗಟ್ಟಲೆ ಒಂದಕ್ಷರ ಬದಲಾಗದ ನಮ್ಮಂಥ ನಾಲ್ಕು ಪುಟದ ಸೈಟಿಗೆ ಯಾಕೆ ಓಡಿ ಓಡಿ ಬರುತ್ತೆ? ನಮ್ಮ ಕಡೆ ಕರೆಂಟಿನ ಮೀಟರ್ ನೋಡುವವನು ಒಂಟಿಮನೆಗೆ ಬರೋ ಹಾಗೆ, ಪುರುಸೊತ್ತಾದಾಗ ಬರುತ್ತೆ.

ರೋಬೋಟ್ಸ್ ಫೈಲ್ ಅನ್ನೋದು ಸೈಟಿನ ಬಾಗಿಲಲ್ಲಿ ಕ್ರಾಲರ್‌ಗಳಿಗೆ ಅಂತ ಇಡುವ ಸೂಚನೆ. ಮಾರ್ಟಿನ್ ಕೋಸ್ಟರ್ ಅನ್ನೋರು 1994ರಲ್ಲಿ ಈ ಪದ್ಧತಿಯನ್ನು ಸೂಚಿಸಿದರು. ಇಂಟರ್ನೆಟ್ಟಿನ ಅಧಿಕೃತ ಮಾನದಂಡದ ದಾಖಲೆಯಾಗಿ ಅದು ಪ್ರಕಟವಾಗಿದ್ದು 2022ರಲ್ಲಿ. 'ಈ ಪುಟಕ್ಕೆ ಬರಬೇಡ' ಅಂತ ಹೇಳಲಿಕ್ಕೆ ಅದು ಇರೋದು. 'ಈ ಪುಟವನ್ನು ಪಟ್ಟಿಯಿಂದ ತೆಗಿ' ಅನ್ನೋ ಅರ್ಥ ಅದಕ್ಕಿಲ್ಲ. ನಾನು ಇವೆರಡನ್ನೂ ಒಂದೇ ಅಂದುಕೊಂಡಿದ್ದೆ. ಬರಬೇಡ ಅಂದಮೇಲೆ ಅದು ಬರಲಿಲ್ಲ. ಬರದಿದ್ದಕ್ಕೆ ನಾನು ಬರೆದ 'ಮುಚ್ಚಲಾಗಿದೆ' ಅದಕ್ಕೆ ಕಾಣಲಿಲ್ಲ. ಕೊನೇ ಸಲ ಬಂದಾಗ ನೋಡಿಕೊಂಡು ಹೋಗಿದ್ದ ಬಾಡಿಗೆ, ನಂಬರ್ ಎಲ್ಲ ಹಾಗೇ ಉಳಿಯಿತು. ಪುಟ ಪಟ್ಟಿಯಿಂದ ಹೋಗಬೇಕಿದ್ದರೆ ಬಾಗಿಲು ತೆರೆದೇ ಇಟ್ಟು, ಪುಟದೊಳಗೆ 'ನೋಇಂಡೆಕ್ಸ್' ಅನ್ನೋ ಸೂಚನೆ ಹಾಕಬೇಕು. ಅಥವಾ ಪುಟವನ್ನೇ ತೆಗೆದು, ಕೇಳಿದವರಿಗೆ ಸರ್ವರ್ 404 ಅಥವಾ 410 ಅಂತ ಉತ್ತರ ಕೊಡುವ ಹಾಗೆ ಮಾಡಬೇಕು. 404 ಅಂದರೆ ಸಿಗಲಿಲ್ಲ. 410 ಅಂದರೆ ಇತ್ತು, ಈಗ ಹೋಗಿದೆ.

ಎರಡನೇ ತಪ್ಪು ಮುಖಪುಟದಲ್ಲಿ. 'ಮುಚ್ಚಲಾಗಿದೆ' ಅನ್ನೋದನ್ನು ಚೆಂದ ಕಾಣಲಿ ಅಂತ ಒಂದು ಚಿತ್ರದೊಳಗೆ ಬರೆದು ಹಾಕಿದ್ದೆ. ಕಣ್ಣಿರುವವರು ಓದುತ್ತಾರೆ, ಸರಿ. ಆದರೆ ಸರ್ಚ್ ಎಂಜಿನ್ ಮುಖ್ಯವಾಗಿ ಓದುವುದು ಪುಟದ ಅಕ್ಷರಗಳನ್ನು. ಆ ಅಕ್ಷರಗಳಲ್ಲಿ ನಮ್ಮದು ಇನ್ನೂ ಹೋಮ್‌ಸ್ಟೇಯೇ. ಅದಕ್ಕಿಂತ ಮುಖ್ಯವಾದದ್ದು, ಪುಟದ ಟೈಟಲನ್ನು ನಾನು ಮುಟ್ಟಿಯೇ ಇರಲಿಲ್ಲ. ಹುಡುಕಿದಾಗ ನೀಲಿ ಬಣ್ಣದಲ್ಲಿ ದೊಡ್ಡದಾಗಿ ಕಾಣುತ್ತಲ್ಲ, ಅದು ಸಾಮಾನ್ಯವಾಗಿ ಬರುವುದು ಅಲ್ಲಿಂದ. ಕಾಲೇಜಿನಲ್ಲಿದ್ದಾಗ ದೊಡ್ಡ ಬುದ್ಧಿವಂತನ ಹಾಗೆ ಅದರಲ್ಲೇ ಫೋನ್ ನಂಬರನ್ನೂ ಸೇರಿಸಿದ್ದವನು ನಾನೇ.

ಮೂರನೆಯದು ಸೈಟ್‌ಮ್ಯಾಪ್. ನಮ್ಮ ಸೈಟಿನಲ್ಲಿ ಯಾವ ಯಾವ ಪುಟ ಇದೆ, ಯಾವುದು ಯಾವಾಗ ಬದಲಾಯಿತು ಅಂತ ಸರ್ಚ್ ಎಂಜಿನ್ನಿಗೆ ನಾವೇ ಬರೆದುಕೊಡುವ ಪಟ್ಟಿ ಅದು. ಗೂಗಲ್ ಇದನ್ನು 2005ರಲ್ಲಿ ಶುರು ಮಾಡಿತು, ಮರುವರ್ಷ ಯಾಹೂ ಮತ್ತು ಮೈಕ್ರೋಸಾಫ್ಟ್ ಕೂಡ ಒಪ್ಪಿಕೊಂಡವು. ಒಂದು ಫೈಲಿನಲ್ಲಿ 50,000 ವಿಳಾಸದವರೆಗೂ ಬರೆಯಬಹುದು, ನಮ್ಮದರಲ್ಲಿ ನಾಲ್ಕು. ಪ್ರತಿ ವಿಳಾಸದ ಜೊತೆ 'ಲಾಸ್ಟ್‌ಮಾಡ್' ಅಂತ ಕೊನೆಯ ಬದಲಾವಣೆಯ ದಿನಾಂಕ ಬರೆಯುವ ಜಾಗ ಇದೆ. ನಾನು ಆಗ ಹಾಕಿದ್ದ ಸ್ಕ್ರಿಪ್ಟು ದಿನಾ ಮಧ್ಯರಾತ್ರಿ ನಾಲ್ಕೂ ಪುಟಕ್ಕೆ ಅವತ್ತಿನ ತಾರೀಖನ್ನೇ ಬರೆಯುತ್ತಿತ್ತು. 'ಹೊಸ ಸೈಟ್ ಅಂತ ಕಾಣಲಿ' ಅನ್ನೋ ಲೆಕ್ಕಾಚಾರ.

"ತೋಳ ಬಂತು ತೋಳ ಕಥೆ ಓದಿಲ್ವೇನೋ ನೀನು?" ಅಂದರು ಅಕ್ಕ. ಗೂಗಲ್ ತನ್ನ ಸೂಚನೆಯಲ್ಲಿ ಇದನ್ನು ಸ್ಪಷ್ಟವಾಗಿಯೇ ಹೇಳಿದೆ: ಆ ದಿನಾಂಕ ಸತತವಾಗಿ ನಿಜ ಅಂತ ಕಂಡರೆ ಮಾತ್ರ ಬಳಸುತ್ತೇವೆ. ಏನೂ ಬದಲಾಗದೆ ವರ್ಷಗಟ್ಟಲೆ 'ಇವತ್ತು ಬದಲಾಯ್ತು' ಅಂತ ಕೂಗಿದವನ ಮಾತನ್ನು, ನಿಜವಾಗಿ ಬದಲಾದ ದಿನ ಯಾರು ನಂಬಬೇಕು? ಎಷ್ಟು ದಿನಕ್ಕೊಮ್ಮೆ ಬದಲಾಗುತ್ತೆ, ಎಷ್ಟು ಮುಖ್ಯ ಅಂತ ಬರೆಯೋ ಇನ್ನೆರಡು ಜಾಗಗಳನ್ನಂತೂ ಗೂಗಲ್ ನೋಡುವುದೇ ಇಲ್ಲ. ನಾನು ಎಲ್ಲದಕ್ಕೂ 'ತುಂಬಾ ಮುಖ್ಯ' ಅಂತ ಬರೆದಿದ್ದೆ.

ಆ ಶನಿವಾರವೇ ಊರಿಗೆ ಹೋದೆ. ಇದನ್ನೆಲ್ಲ ಬೆಂಗಳೂರಿನ ರೂಮಿನಲ್ಲೇ ಕೂತು ಮಾಡಬಹುದಿತ್ತು. ಒಂದೇ ಒಂದನ್ನು ಬಿಟ್ಟು: ಮ್ಯಾಪಿನಲ್ಲಿ ನಮ್ಮ ಮನೆಗೆ ಹಾಕಿದ್ದ ಗುರುತು. ಅದು ಸೈಟಿಗಿಂತ ಬೇರೆಯೇ ಲೆಕ್ಕ. ಸೈಟಿನಲ್ಲಿ ಏನೇ ಬದಲಾಯಿಸಿದರೂ ಮ್ಯಾಪಿನವರಿಗೆ ಬೇರೆಯಾಗಿ ಹೇಳಬೇಕು, ಮಾಲೀಕರು ಹೇಳುವುದು ಅದರ ಖಾತೆಯಿಂದ. ಆ ಖಾತೆ ಅಪ್ಪಯ್ಯನ ಹೆಸರಿನಲ್ಲಿತ್ತು. ಪಾಸ್‌ವರ್ಡ್ ಯಾರಿಗೂ ಗೊತ್ತಿಲ್ಲ. ಒಟಿಪಿ ಬರೋದು ಕಿಟಕಿಯಲ್ಲಿದ್ದ ಆ ಫೋನಿಗೆ.

ನಾನು ಲ್ಯಾಪ್‌ಟಾಪ್ ಹಿಡಿದು ಜಗಲಿಯಲ್ಲಿ ಕೂತೆ, ಅಮ್ಮ ಕಿಟಕಿ ಹತ್ತಿರ ನಿಂತಳು. ಮೆಸೇಜ್ ಬಂತು. ಅಮ್ಮ ಕನ್ನಡಕ ಏರಿಸಿಕೊಂಡು ಆರು ಅಂಕಿಗಳನ್ನು ಒಂದೊಂದಾಗಿ, ಲಾಟರಿ ನಂಬರ್ ಓದೋ ಹಾಗೆ ಓದಿದಳು. ಒಳಗೆ ಹೋದೆ. ಹೋಮ್‌ಸ್ಟೇ ಹೆಸರಿನ ಕೆಳಗೆ ಎರಡು ಆಯ್ಕೆ: ತಾತ್ಕಾಲಿಕವಾಗಿ ಮುಚ್ಚಲಾಗಿದೆ, ಶಾಶ್ವತವಾಗಿ ಮುಚ್ಚಲಾಗಿದೆ.

ನನ್ನ ಕೈ ತಾತ್ಕಾಲಿಕದ ಮೇಲೇ ಹೋಯಿತು. "ಸದ್ಯಕ್ಕೆ ಇದು ಹಾಕ್ತೀನಮ್ಮ, ಮುಂದೆ ನೋಡೋಣ" ಅಂದೆ.

ಅಮ್ಮ ಹಿಂದೆ ಬಂದು ನಿಂತು ಎರಡನ್ನೂ ಓದಿದಳು. "ಶಾಶ್ವತ ಅಂತ್ಲೇ ಹಾಕು. ಸುಮ್ನೆ ಜನಕ್ಕೆ ಆಸೆ ತೋರಿಸ್ಬಾರ್ದು."

ಹಾಕಿದೆ. ಅವಳು ಒಳಗೆ ಹೋಗಿ ಕಾಫಿ ಮಾಡಿಕೊಂಡು ಬಂದಳು. ಇಬ್ಬರೂ ಅದರ ಬಗ್ಗೆ ಮಾತಾಡಲಿಲ್ಲ.

ಉಳಿದದ್ದು ಭಾನುವಾರ. ಮೊದಲು ರೋಬೋಟ್ಸ್ ಫೈಲಿನ ಬೀಗ ತೆಗೆದೆ. ಗೂಗಲ್ ಆ ಫೈಲನ್ನು ಸಾಮಾನ್ಯವಾಗಿ 24 ಗಂಟೆವರೆಗೂ ತನ್ನ ಬಳಿ ಇಟ್ಟುಕೊಂಡಿರುತ್ತದೆ, ಹಾಗಾಗಿ ಬೀಗ ತೆಗೆದದ್ದು ಗೊತ್ತಾಗಲಿಕ್ಕೇ ಒಂದು ದಿನ ಬೇಕಾಗಬಹುದು. ಆಮೇಲೆ ಸರ್ಚ್ ಕನ್ಸೋಲ್ ಅನ್ನೋ ಗೂಗಲ್‌ನ ಉಚಿತ ಸಾಧನದಲ್ಲಿ ಈ ಸೈಟ್ ನಮ್ಮದೇ ಅಂತ ದೃಢಪಡಿಸಿದೆ. ಅಲ್ಲಿ ಒಂದೊಂದು ಪುಟದ ವಿಳಾಸ ಕೊಟ್ಟರೆ, ಕ್ರಾಲರ್ ಕೊನೆಯದಾಗಿ ಯಾವತ್ತು ಬಂದಿತ್ತು ಅಂತ ತೋರಿಸುತ್ತದೆ. ರೂಮ್‌ಗಳ ಪುಟದ ಎದುರಿಗಿದ್ದದ್ದು ಏಪ್ರಿಲ್ ತಿಂಗಳ ತಾರೀಖು. ನಾನು ಬೀಗ ಹಾಕುವ ಮುಂಚಿನದ್ದು.

ರೂಮ್‌ಗಳ ಪುಟವನ್ನು ಏನು ಮಾಡೋದು? ಇಲ್ಲಿ ಹೊಸದೊಂದು ವಿಷಯ ಎದ್ದಿತು. ಅಮ್ಮ ಅಪ್ಪೆಮಿಡಿ ಉಪ್ಪಿನಕಾಯಿ ಹಾಕುವುದರಲ್ಲಿ ಗಟ್ಟಿಗಿತ್ತಿ. ಬರುವ ಅತಿಥಿಗಳು ಬಾಟಲಿಗಟ್ಟಲೆ ಕಟ್ಟಿಸಿಕೊಂಡು ಹೋಗುತ್ತಿದ್ದರು. ಅಪ್ಪಯ್ಯ ಹೋದದ್ದು ಮಾರ್ಚಿನಲ್ಲಿ, ಮಿಡಿ ಬರುವ ಹೊತ್ತಿಗೇ. ಸೂತಕದ ಮನೆಯಲ್ಲಿ ಉಪ್ಪಿನಕಾಯಿ ಯಾರಿಗೆ ಬೇಕಿತ್ತು? ಆದರೂ ಹದಿಮೂರು ಕಳೆದಮೇಲೆ ಚಿಕ್ಕಮ್ಮ ಬಂದು, ಮರದಲ್ಲೇ ಹಾಳಾಗುತ್ತೆ ಅಂತ ಮಿಡಿ ಕೊಯ್ಸಿ, ಇಬ್ಬರೂ ಸೇರಿ ಉಪ್ಪಿನಲ್ಲಿ ಹಾಕಿ ಭರಣಿ ತುಂಬಿಟ್ಟಿದ್ದರು. ರೂಮ್ ಕೇಳಿ ಫೋನ್ ಮಾಡಿದ ಹಳೆ ಅತಿಥಿಗಳಲ್ಲಿ ಕೆಲವರು, ವಿಷಯ ತಿಳಿದು ಸಮಾಧಾನ ಹೇಳಿದಮೇಲೆ, ತಡೆದು ತಡೆದು ಕೇಳಿದ್ದರಂತೆ: "ಉಪ್ಪಿನಕಾಯಿ ಆದ್ರೂ ಸಿಗುತ್ತಾ ಆಂಟಿ?"

"ಐದಾರು ಭರಣಿ ಇದೆ. ನಾನೊಬ್ಳೇ ಎಷ್ಟು ತಿನ್ಲಿ?" ಅಂದಳು ಅಮ್ಮ. "ಮಾರಣ ಅಂತ."

ಸರಿ, ಹಾಗಾದರೆ ರೂಮ್‌ಗಳ ಪುಟಕ್ಕೆ ಬಂದವರನ್ನೆಲ್ಲ ಸೀದಾ ಉಪ್ಪಿನಕಾಯಿ ಪುಟಕ್ಕೆ ಕಳಿಸಿಬಿಡೋಣ ಅಂತ ಅಕ್ಕನಿಗೆ ಮೆಸೇಜ್ ಹಾಕಿದೆ. ವಿಳಾಸ ಶಾಶ್ವತವಾಗಿ ಬದಲಾದಾಗ 301 ಅನ್ನೋ ಉತ್ತರ ಕೊಟ್ಟು ಹೊಸ ವಿಳಾಸಕ್ಕೆ ಕಳಿಸುವ ದಾರಿ ಇದೆ. ಅಕ್ಕನ ಉತ್ತರ ಬಂತು: "ರೂಮ್ ಕೇಳಿ ಬಂದೋರಿಗೆ ಉಪ್ಪಿನಕಾಯಿ ಕೊಟ್ರೆ ಒಪ್ತಾರೇನೋ? ಅದೇ ವಿಷಯದ ಪುಟ ಜಾಗ ಬದಲಾಯಿಸಿದ್ರೆ ಮಾತ್ರ 301. ಇಲ್ಲಾಂದ್ರೆ ಹೋಗಿದೆ ಅಂತ ನೇರವಾಗಿ ಹೇಳು." ಸಂಬಂಧವೇ ಇಲ್ಲದ ಪುಟಕ್ಕೆ ಕಳಿಸಿದರೆ ಗೂಗಲ್ ಅದನ್ನು 'ಸಿಗಲಿಲ್ಲ' ಅಂತಲೇ ಲೆಕ್ಕ ಹಿಡಿಯಬಹುದು. ರೂಮ್‌ಗಳ ಪುಟಕ್ಕೆ 410 ಕೊಟ್ಟೆ. ಊಟದ ಪುಟಕ್ಕೂ. ಜೊತೆಗೆ ಸರ್ಚ್ ಕನ್ಸೋಲಿನ ರಿಮೂವಲ್ಸ್ ಅನ್ನೋ ಕಡೆ, ರೂಮ್‌ಗಳ ಪುಟವನ್ನು ಹುಡುಕಾಟದಿಂದ ಮರೆಮಾಡಿ ಅಂತ ಕೋರಿಕೆ ಹಾಕಿದೆ. ಅದು ಬೇಗ ಕೆಲಸ ಮಾಡುತ್ತೆ, ಆದರೆ ಸುಮಾರು ಆರು ತಿಂಗಳಿಗೆ ಮಾತ್ರ. ಪುಟವನ್ನು ನಿಜವಾಗಿ ತೆಗೆಯದೆ ಇದೊಂದನ್ನೇ ನಂಬಿ ಕೂತರೆ, ಆರು ತಿಂಗಳ ನಂತರ ಮತ್ತೆ ಎದ್ದು ಬರಬಹುದು.

ಇನ್ನುಳಿದದ್ದು 'ದಾರಿ' ಪುಟ. ಅದನ್ನೂ ತೆಗೆಯಲಿಕ್ಕೆ ಹೊರಟಿದ್ದೆ. ಅಮ್ಮ "ತಡಿ, ಓದು ಅದನ್ನ" ಅಂದಳು.

ಅದು ಅಪ್ಪಯ್ಯನೇ ಬರೆದುಕೊಟ್ಟದ್ದು. ನಾನು ಟೈಪ್ ಮಾಡಿದ್ದೆ ಅಷ್ಟೆ. ಪೇಟೆ ದಾಟಿದ ಮೇಲೆ ಅಶ್ವತ್ಥಕಟ್ಟೆ ಸಿಗುತ್ತೆ, ಅಲ್ಲಿ ಎಡಕ್ಕೆ. ಫೋನಿನ ನೆಟ್‌ವರ್ಕ್ ಇಲ್ಲಿಗೆ ಮುಗಿಯಿತು, ಗಾಬರಿ ಬೇಡ. ಸಣ್ಣ ಸೇತುವೆ, ಮಳೆಗಾಲದಲ್ಲಿ ಅದರ ಮೇಲೆ ನೀರಿದ್ದರೆ ದಾಟಬೇಡಿ, ಹಿಂದಿನ ಮನೆಯಲ್ಲಿ ನಮ್ಮ ಹೆಸರು ಹೇಳಿ, ಕೂರಿಸಿಕೊಳ್ಳುತ್ತಾರೆ. ಅಪ್ಪಯ್ಯ ಮಾತಾಡುತ್ತಿದ್ದದ್ದೇ ಹಾಗೆ.

ನನಗೆ ಗಂಟಲು ಕಟ್ಟಿತು. ಅಮ್ಮನ ಯೋಚನೆ ಬೇರೆ ಇತ್ತು. "ಕೊರಿಯರ್ ಹುಡುಗ ಬರ್ಬೇಕಲ್ಲ ಬಾಟ್ಲಿ ತಗಂಡು ಹೋಗಕ್ಕೆ. ದಾರಿ ಹೆಂಗೆ ಗೊತ್ತಾಗುತ್ತೆ ಅವ್ನಿಗೆ? ಅದು ಇರ್ಲಿ. ನಂಬರ್ ಮಾತ್ರ ನಂದು ಹಾಕು."

ನಂಬರ್ ಬದಲಾಯಿಸಿದೆ. ಮುಖಪುಟದಲ್ಲಿ, ಈ ಸಲ ಚಿತ್ರದಲ್ಲಲ್ಲದೆ ಅಕ್ಷರದಲ್ಲಿ, ಮೂರು ಸಾಲು ಬರೆದೆ. ಯಜಮಾನರು ತೀರಿಕೊಂಡಿದ್ದಾರೆ, ಹೋಮ್‌ಸ್ಟೇ ಇನ್ನಿಲ್ಲ, ಮನೆಯ ಉಪ್ಪಿನಕಾಯಿ ಸಿಗುತ್ತದೆ. ಟೈಟಲ್ ಬದಲಾಯಿಸಿದೆ. ಸೈಟ್‌ಮ್ಯಾಪಿನ ಸ್ಕ್ರಿಪ್ಟನ್ನು ತೆಗೆದುಹಾಕಿ, ನಿಜವಾಗಿ ಮುಟ್ಟಿದ ಪುಟಗಳಿಗೆ ಮಾತ್ರ ಅವತ್ತಿನ ದಿನಾಂಕ ಬರೆದು ಹೊಸದಾಗಿ ಸಲ್ಲಿಸಿದೆ. ಹಳೇ ಬ್ಲಾಗಿನ ಕಾಲದವರು 'ಸೈಟ್‌ಮ್ಯಾಪನ್ನು ಪಿಂಗ್ ಮಾಡಿ' ಅಂತ ಹೇಳುತ್ತಿದ್ದದ್ದು ನೆನಪಿರಬಹುದು. ಆ ಸೌಲಭ್ಯವನ್ನು ನಿಲ್ಲಿಸುವುದಾಗಿ ಗೂಗಲ್ 2023ರಲ್ಲಿ ಘೋಷಿಸಿತು, ಅದನ್ನು ಹುಡುಕುತ್ತಾ ಕೂರಬೇಡಿ. ಬಿಂಗ್ ಕಡೆಗೆ ಇಂಡೆಕ್ಸ್‌ನೌ ಅಂತ ಇದೆ. ಮೈಕ್ರೋಸಾಫ್ಟಿನ ಬಿಂಗ್ ಮತ್ತು ಯಾಂಡೆಕ್ಸ್ ಸೇರಿ 2021ರಲ್ಲಿ ತಂದದ್ದು. ನಮ್ಮ ಸೈಟಿನಲ್ಲಿ ಒಂದು ಕೀ ಫೈಲ್ ಇಟ್ಟು, ಬದಲಾದ ಪುಟದ ವಿಳಾಸವನ್ನು ನಾವೇ ಕಳಿಸಿದರೆ, ಸೇರಿಕೊಂಡಿರುವ ಸರ್ಚ್ ಎಂಜಿನ್ನುಗಳಿಗೆಲ್ಲ ತಿಳಿಯುತ್ತದೆ. ತೆಗೆದುಹಾಕಿದ ಪುಟಗಳನ್ನೂ ಹೀಗೆ ತಿಳಿಸಬಹುದು. ಗೂಗಲ್ ಈ ಪದ್ಧತಿಗೆ ಸೇರಿಲ್ಲ; ಅಲ್ಲಿ ಸರ್ಚ್ ಕನ್ಸೋಲಿನಲ್ಲಿ ಪುಟದ ವಿಳಾಸ ಕೊಟ್ಟು 'ರಿಕ್ವೆಸ್ಟ್ ಇಂಡೆಕ್ಸಿಂಗ್' ಒತ್ತಬೇಕು.

ಒತ್ತಿದೆ. ಒಂದು ಗಂಟೆ ಬಿಟ್ಟು ಮತ್ತೆ ಒತ್ತಿದೆ. ರಾತ್ರಿ ಮತ್ತೊಮ್ಮೆ. ಆಮೇಲೆ ಓದಿದರೆ, ಮತ್ತೆ ಮತ್ತೆ ಕೇಳಿದರೆ ಬೇಗ ಬರುವುದಿಲ್ಲ, ಕೆಲವು ದಿನದಿಂದ ಕೆಲವು ವಾರ ಹಿಡಿಯಬಹುದು ಅಂತ ಅಲ್ಲೇ ಬರೆದಿದೆ.

"ಅದು ಬಂದು ನೋಡ್ತಾ?" ದಿನಾ ಸಂಜೆ ಫೋನಿನಲ್ಲಿ ಅಮ್ಮನ ಪ್ರಶ್ನೆ.

"ಇನ್ನೂ ಇಲ್ಲಮ್ಮ."

"ಎಲ್ಲಿಗೆ ಹೋಗಿದೆಯೋ ಏನೋ" ಅನ್ನುತ್ತಿದ್ದಳು, ಪಕ್ಕದೂರಿನ ಎಲೆಕ್ಟ್ರಿಷಿಯನ್ ಬಗ್ಗೆ ಹೇಳುವ ಹಾಗೆ.

ರೂಮ್‌ಗಳ ಪುಟ ಎರಡನೇ ದಿನವೇ ಮರೆಯಾಯಿತು. ಮುಖಪುಟದ ಟೈಟಲ್ ಬದಲಾಗಲಿಕ್ಕೆ ಒಂಬತ್ತು ದಿನ ಹಿಡಿಯಿತು. ಅವತ್ತು ಬೆಳಿಗ್ಗೆ ಮೆಟ್ರೋದಲ್ಲಿ ನಿಂತು ಹುಡುಕಿದೆ. ಮೊದಲ ಸಾಲಿನಲ್ಲೇ ಇತ್ತು, ಹೋಮ್‌ಸ್ಟೇ ಈಗ ಇಲ್ಲ ಅಂತ. ಅದನ್ನು ಕಾಣಲಿಕ್ಕೇ ಒಂಬತ್ತು ದಿನ ಕಾದವನು, ಕಂಡಾಗ ಖುಷಿ ಪಡಬೇಕಿತ್ತು. ಇಳಿಯಬೇಕಾದ ಸ್ಟೇಷನ್ ಬಿಟ್ಟು ಮುಂದೆ ಹೋಗಿಬಿಟ್ಟೆ.

ಇಲ್ಲಿಗೆ ಮುಗಿಯಿತು ಅಂದುಕೊಂಡಿದ್ದೆ. ಗೌರಿಹಬ್ಬಕ್ಕೆ ಹೋದಾಗ ಅಮ್ಮ ತಾನಾಗಿಯೇ ಅಂದಳು, "ಬ್ಯಾಂಕಿಗೆ, ಗ್ಯಾಸಿಗೆ ಎಲ್ಲ ನನ್ನ ನಂಬರ್ ಕೊಟ್ಟಾಯ್ತು. ಇನ್ನು ಇವರ ಫೋನಿಗೆ ರೀಚಾರ್ಜ್ ಬೇಡ."

ನಾನು ಬೇಡ ಅನ್ನುವ ಕಾರಣ ಹುಡುಕಿದೆ. "ಇರ್ಲಿ ಬಿಡಮ್ಮ, ಎಷ್ಟಾಗುತ್ತೆ ಮಹಾ."

"ದುಡ್ಡಿಂದಲ್ಲ. ಅದ್ರೊಳಗೆ ಅವ್ರಿಲ್ಲ ಮಾರಾಯ. ಜನ ಕೇಳದು, ನಾನು ಇಲ್ಲ ಅನ್ನದು, ಅಷ್ಟೇ ಇರದು ಅದ್ರಲ್ಲಿ." ಸ್ವಲ್ಪ ಹೊತ್ತಿನ ನಂತರ ಕೇಳಿದಳು, "ಆಮೇಲೆ ಆ ನಂಬರ್ ಎಂತಾಗುತ್ತೆ?"

ನಿಂತುಹೋದ ನಂಬರನ್ನು ಕೆಲವು ಕಾಲ ಬಿಟ್ಟು ಬೇರೆಯವರಿಗೆ ಕೊಡುತ್ತಾರೆ ಅಂದೆ.

"ಹಂಗಾರೆ ಅವ್ರಿಗೆ ಫೋನ್ ಹೋಗಲ್ವಾ? ರೂಮ್ ಇದ್ಯಾ ಅಂತ?"

ಈ ಪ್ರಶ್ನೆ ನನಗೆ ಹೊಳೆದಿರಲಿಲ್ಲ. ಅವತ್ತು ರಾತ್ರಿ ಹೋಮ್‌ಸ್ಟೇ ಹೆಸರನ್ನು ಬಿಟ್ಟು, ಅಪ್ಪಯ್ಯನ ನಂಬರನ್ನೇ ಉದ್ಧರಣ ಚಿಹ್ನೆಯೊಳಗೆ ಹಾಕಿ ಹುಡುಕಿದೆ. ಮೂರು ಕಡೆ ಸಿಕ್ಕಿತು. ಪ್ರವಾಸಿಗರಿಗೆ ತಂಗುವ ಜಾಗ ತಿಳಿಸುವ ಎರಡು ಸೈಟು, ಇನ್ನೊಂದು ಯಾರದೋ ಪ್ರವಾಸದ ಅನುಭವ. ಮೂವರಿಗೂ ಬರೆದೆ. ಪ್ರವಾಸದ ಅನುಭವ ಬರೆದಿದ್ದವರು ಅವತ್ತೇ ನಂಬರ್ ತೆಗೆದು, ಅಪ್ಪಯ್ಯ ಅವರಿಗೆ ಕಟ್ಟಿಕೊಟ್ಟಿದ್ದ ಕೊಟ್ಟೆಕಡುಬನ್ನು ನೆನೆಸಿಕೊಂಡು ಉದ್ದದ ಉತ್ತರ ಬರೆದರು. ಅಮ್ಮನಿಗೆ ಓದಿ ಹೇಳಿದೆ. ಉಳಿದಿಬ್ಬರಲ್ಲಿ ಒಬ್ಬರು ಎರಡು ವಾರಕ್ಕೆ ತೆಗೆದರು, ಆದರೆ ಹುಡುಕಿದಾಗ ಹಳೆಯದೇ ಕಾಣುತ್ತಿತ್ತು. ನಮ್ಮದಲ್ಲದ ಸೈಟಿನ ಪುಟ ಬದಲಾಗಿದ್ದೂ ಫಲಿತಾಂಶದಲ್ಲಿ ಹಳೆಯದೇ ತೋರಿಸುತ್ತಿದ್ದರೆ, ಅದನ್ನು ತಿಳಿಸಲಿಕ್ಕೆ ಗೂಗಲ್‌ನಲ್ಲಿ 'ರಿಫ್ರೆಶ್ ಔಟ್‌ಡೇಟೆಡ್ ಕಂಟೆಂಟ್' ಅನ್ನೋ ಸಾಧನ ಇದೆ, ಯಾರು ಬೇಕಾದರೂ ಬಳಸಬಹುದು. ಬಳಸಿದೆ, ಹೋಯಿತು. ಮೂರನೆಯವರು ಇನ್ನೂ ಉತ್ತರ ಕೊಟ್ಟಿಲ್ಲ. ತಿಂಗಳಿಗೊಮ್ಮೆ ಬರೆಯುತ್ತಿದ್ದೇನೆ.

ಅವರು ತೆಗೆಯುವವರೆಗೂ ರೀಚಾರ್ಜ್ ಮಾಡೋಣ ಅಂತ ಈಗ ಅಮ್ಮನೇ ಹೇಳಿದ್ದಾಳೆ. "ನಾಳೆ ಆ ನಂಬರ್ ಯಾರಿಗೆ ಸಿಗುತ್ತೋ. ಅವ್ರಿಗೆ ಯಾಕೆ ಇದೆಲ್ಲ?"

ಉಪ್ಪಿನಕಾಯಿಗೆ ಎಫ್‌ಎಸ್‌ಎಸ್‌ಎಐ ನೋಂದಣಿ ಆಗಿದೆ. ಐದು ಭರಣಿ ಖಾಲಿ, ಆರನೆಯದು ಅರ್ಧ. ಈ ಬೇಸಿಗೆಯಲ್ಲಿ ಹೊಸ ಮಿಡಿ ಬರುವವರೆಗೆ 'ಸದ್ಯ ಸಿಗುವುದಿಲ್ಲ' ಅಂತ ಪುಟದಲ್ಲಿ ಹಾಕಬೇಕು. ಅಮ್ಮ ಮೊನ್ನೆ ಫೋನಿನಲ್ಲಿ ನೆನಪಿಸಿದಳು: "ಈಗ್ಲೇ ಹಾಕ್ಬಿಡು. ಅದು ಬಂದು ನೋಡೋ ಹೊತ್ತಿಗೆ ಭರಣಿ ತಳ ಕಂಡಿರುತ್ತೆ."